ಬಿಟ್ಟದ್ದು, ಬದುಕಿದ್ದು

ಯಾರ ಮನೆಗೆ ಹೋದರೂ ಅವರು ಮೊದಲು ನೋಡುತ್ತಿದ್ದುದು ನೀರಿನ ತೊಟ್ಟಿಯನ್ನು, ಮನೆಯವರನ್ನು ಆಮೇಲೆ. ಚಾಮರಾಜನಗರದಲ್ಲಿ ನನ್ನ ತಂಗಿಯ ಮದುವೆಗೆ ಬಂದಾಗಲೂ ಹಾಗೇ ಆಯಿತು. ಪನ್ನೀರು ಚಿಮುಕಿಸಲು ನಿಂತಿದ್ದ ಹುಡುಗಿಯರನ್ನು ದಾಟಿಕೊಂಡು ನೇರವಾಗಿ ಛತ್ರದ ಹಿಂಭಾಗಕ್ಕೆ ಹೋದರು. ಪಾತ್ರೆ ತೊಳೆಯುವ ಕಡೆ ಇದ್ದ ಸಿಮೆಂಟು ತೊಟ್ಟಿಯ ಮೇಲೆ ಬಗ್ಗಿ ಜೇಬಿನ ಪುಟ್ಟ ಟಾರ್ಚಿನಿಂದ ಬೆಳಕು ಬಿಟ್ಟರು.

ಅಡುಗೆಯವನು ಕೇಳಿದ, "ಏನ್ ಬಿತ್ತು ಯಜಮಾನ್ರೆ, ಉಂಗ್ರವಾ?"

"ಏನೂ ಬಿದ್ದಿಲ್ಲ ಕಣಪ್ಪ. ಸೊಳ್ಳೆ ಮರಿ ಉಟ್ಟವೆ."

ಊಟ ಮುಗಿಸಿ ಹೊರಡುವಾಗ ನಮ್ಮ ತಾಯಿಯ ಕೈಗೆ ಉಡುಗೊರೆ ಕೊಟ್ಟು, ಮದುಮಕ್ಕಳ ಬಗ್ಗೆ ಒಂದು ಮಾತೂ ಆಡದೆ, "ಆ ತೊಟ್ಟಿ ಬರಿದು ಮಾಡ್ಸಿ ಒಣಗ್ಸಕ್ ಹೇಳಿ ತಾಯಿ" ಅಂದರು. ತಾಯಿ ಆ ಮಾತನ್ನು ಇಂದಿಗೂ ಹೇಳಿ ನಗುತ್ತಾರೆ.

ಅವರು ಆರೋಗ್ಯ ಸಹಾಯಕರು. ನಾನು ಅದೇ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡುವವಳು. ಕೇಂದ್ರ ಇದ್ದದ್ದು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಊರಿನಲ್ಲಿ. ಕಳೆದ ತಿಂಗಳು ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಊರಿನ ಹೆಸರೂ ಬೇಡ. ಆದರೆ ಒಂದು ವಿಷಯವನ್ನು ಮೊದಲೇ ಹೇಳಿಬಿಡಬೇಕು. ನಾಲ್ಕು ವರ್ಷ ಅವರು ಪ್ರತಿ ತಿಂಗಳು ಬರೆದುಕೊಟ್ಟ ವರದಿಯಲ್ಲಿ ಒಂದು ಕಾಲಮ್ಮನ್ನು ನಾನು ಮೇಲಕ್ಕೆ ಕಳಿಸಲಿಲ್ಲ. ಅವರಿಗೆ ತಿಳಿಸಲೂ ಇಲ್ಲ. ಅದನ್ನು ಬಿಟ್ಟು ಅವರ ಬಗ್ಗೆ ಏನು ಬರೆದರೂ ಅದು ನಿಜವಾಗುವುದಿಲ್ಲ.

ಇಬ್ಬರದೂ ಚಾಮರಾಜನಗರ. ಬೆಳಿಗ್ಗೆ ಒಂದೇ ಬಸ್ಸು. ತೆರಕಣಾಂಬಿ ದಾಟಿ ಗುಂಡ್ಲುಪೇಟೆಯಲ್ಲಿ ಇಳಿದು ಬೇಗೂರು ಕಡೆಯ ಬಸ್ಸು ಹಿಡಿಯಬೇಕಿತ್ತು. ಅವರ ತೊಡೆಯ ಮೇಲೆ ಮುಚ್ಚಳದಲ್ಲಿ ತೂತು ಕೊರೆದ ಒಂದು ಸ್ಟೀಲ್ ಡಬ್ಬಿ. ಒಮ್ಮೆ ಹೊಸ ಕಂಡಕ್ಟರ್ ಬಂದು, "ಏನ್ ಸಾ, ಹಾಲಾ?" ಅಂದ.

"ಅಲ್ಲ, ನಮ್ ಸ್ಟಾಫು."

ಕಂಡಕ್ಟರ್ ಮುಚ್ಚಳ ಎತ್ತಿ ನೋಡಿ, "ಸ್ಟಾಫ್‌ಗೂ ಟಿಕೇಟ್ ಅದ ಸಾ. ಎಷ್ಟ್ ಜನ ಅವ್ರೆ?" ಅಂದ.

"ಎಣಿಸ್ಕಳಪ್ಪ, ನಿಂತ್ಕಂಡ್ರೆ."

ಡಬ್ಬಿಯಲ್ಲಿದ್ದದ್ದು ಗಪ್ಪಿ ಮೀನು. ಅಂಗಡಿಗಳ ಗಾಜಿನ ಪೆಟ್ಟಿಗೆಯಲ್ಲಿ ಬಣ್ಣದ ಬಾಲ ಬೀಸಿಕೊಂಡು ಓಡಾಡುತ್ತವಲ್ಲ, ಅದೇ ಜಾತಿ. ನಮ್ಮವು ಅಷ್ಟು ಚೆಂದ ಇರಲಿಲ್ಲ. ಹೆಣ್ಣು ಬೂದು ಬಣ್ಣದ್ದು, ಗಂಡಿನ ಬಾಲದಲ್ಲಿ ಒಂದಿಷ್ಟು ಕೇಸರಿ, ಅಷ್ಟೆ. ನೀರಿನಲ್ಲಿರುವ ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ ಎಂದು ನಮ್ಮ ಇಲಾಖೆ ಅವುಗಳನ್ನು ಮನೆಮನೆಯ ತೊಟ್ಟಿಗೆ ಬಿಡಿಸುತ್ತದೆ. ಬಹಳ ಕಡೆ ಇದು ಕಾಗದದ ಕೆಲಸ. ಅವರಿಗೆ ಹಾಗಿರಲಿಲ್ಲ. ಕೇಂದ್ರದ ಹಿಂದೆ ಎರಡು ಸಿಮೆಂಟು ಗುಂಡಿ ಕಟ್ಟಿಸಿ ತಾವೇ ಮೀನು ಬೆಳೆಸುತ್ತಿದ್ದರು. ಗುಂಡಿ ಸಾಲದೆ ಬದನಗುಪ್ಪೆಯ ಕಾರ್ಖಾನೆಗಳ ಕಡೆಯಿಂದ ಯಾರೋ ಕೊಟ್ಟ ನೀಲಿ ಡ್ರಮ್ಮೊಂದನ್ನು ತಂದರು. ಸೋಪು ಹಾಕಿ ಮೂರು ದಿನ ತೊಳೆದು ನೀರು ತುಂಬಿಸಿ ಮೀನು ಬಿಟ್ಟರು. ಮರುದಿನ ಬೆಳಿಗ್ಗೆ ಎಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಡ್ರಮ್ಮಿನಲ್ಲಿ ಮೊದಲು ಏನಿತ್ತು ಎಂದು ಕೇಳದೆ ತಂದಿದ್ದರು. ಅದೊಂದು ತಪ್ಪನ್ನು ವರ್ಷಗಟ್ಟಲೆ ಹೇಳಿಕೊಂಡರು, ನಿನ್ನೆ ನಡೆದಂತೆ. ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟದವರು. ಊರಿನ ಮಕ್ಕಳಿಗೆ ಮಾತ್ರ ಅವರು "ಮೀನ್ ಸಾರು". ಬೀದಿಗೆ ಕಾಲಿಟ್ಟರೆ ಸಾಕು, "ಮೀನ್ ಸಾರ್ ಬಂದ್ರು, ಮುದ್ದೆ ತನ್ನಿ" ಎಂದು ಕೂಗಿ ಓಡುತ್ತಿದ್ದವು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿಲ್ಲ.

ಅವರ ಎಡಗೈ ಕಿರುಬೆರಳಿನ ಮೇಲೆ ಬಾಲ್‌ಪೆನ್ನಿನ ಎರಡು ಗೆರೆಗಳಿರುತ್ತಿದ್ದವು, ಮೊದಲ ಗೆಣ್ಣಿಗೆ ಒಂದು, ಎರಡನೆಯದಕ್ಕೆ ಒಂದು. ಸ್ನಾನದಲ್ಲಿ ಅಳಿಸಿದರೆ ಬಸ್ಸಿನಲ್ಲಿ ಮತ್ತೆ ಎಳೆದುಕೊಳ್ಳುತ್ತಿದ್ದರು. ಅದೇ ಅವರ ಅಳತೆಗೋಲು. ಹುಟ್ಟಿದ ಮರಿ ಜೀರಿಗೆ ಕಾಳಿನಷ್ಟು. ಗಂಡು ಮೊದಲ ಗೆಣ್ಣಿಗೆ ಬಂದು ನಿಲ್ಲುತ್ತದೆ. ಹೆಣ್ಣು ಎರಡನೆಯ ಗೆಣ್ಣು ಮುಟ್ಟುತ್ತದೆ. "ಗಂಡು ವಯಸ್ಸಿಗ್ ಬಂದಾಗ ಬೆಳಿಯೋದ ನಿಲ್ಸ್‌ಬುಡ್ತದ ಕಣವ್ವ. ಹೆಣ್ಣು ಸಾಯೋಗಂಟ ಒಸಿ ಒಸಿ ಬೆಳೀತಾನೇ ಇರ್ತದ" ಎನ್ನುವರು. ಎಲ್ಲಿ ಮಾತು ಬಂದರೂ ಆ ಬೆರಳೆತ್ತಿ ತೋರಿಸುವುದು ಅಭ್ಯಾಸ. ಒಮ್ಮೆ ದೊಡ್ಡ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಎದ್ದು ನಿಂತು ಕಿರುಬೆರಳು ಎತ್ತಿದರು. ವೇದಿಕೆಯ ಮೇಲಿದ್ದ ಅಧಿಕಾರಿ, "ಹೋಗಿ ಬನ್ನಿ, ಅದಕ್ಕೆಲ್ಲ ಕೇಳಬೇಕಾಗಿಲ್ಲ" ಅಂದರು. ಸಭೆ ನಕ್ಕಿತು. ಹೇಳಬೇಕೆಂದಿದ್ದದ್ದನ್ನು ಹೇಳಲಾಗದೆ ಅವರು ಕೂತರು.

ಹೇಳಬೇಕೆಂದಿದ್ದದ್ದು ಏನು ಎಂದು ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಎಷ್ಟೋ ಸಲ ಕೇಳಿದ್ದೆ. ಗಪ್ಪಿಯ ಆಯಸ್ಸು ಚೆನ್ನಾಗಿ ನೋಡಿಕೊಂಡರೆ ಎರಡು ವರ್ಷದ ಆಸುಪಾಸು. ಬಿಸಿಲಿಗೆ ತೆರೆದ ತೊಟ್ಟಿಯಲ್ಲಿ ಅಷ್ಟೂ ಇಲ್ಲ. "ಬಿಸ್ಲಲ್ಲಿದ್ದದ್ದು ಬ್ಯಾಗ ದೊಡ್ಡದಾಯ್ತದ, ಬ್ಯಾಗ ಓಯ್ತದ." ನಾವು ಗುಂಡಿಯಿಂದ ಬಾಚಿ ಕೊಡುವ ಮೀನಿನಲ್ಲಿ ಅರ್ಧ ಆಗಲೇ ನಡುವಯಸ್ಸಿನವು. ಮುದಿಯಾದದ್ದನ್ನು ಅವರು ದೂರದಿಂದಲೇ ಗುರುತಿಸುತ್ತಿದ್ದರು: ಬೆನ್ನು ಬಾಗಿರುತ್ತದೆ, ಹೊಟ್ಟೆ ಒಳಗೆ ಹೋಗಿರುತ್ತದೆ, ನೀರಿನ ಮೇಲ್ಮೈಯ ಕೆಳಗೆ ಸುಮ್ಮನೆ ತೂಗಿಕೊಂಡಿರುತ್ತದೆ. ಮರಿ ಹಾಕಿದರೂ ಉಜ್ಜಿ ತೊಳೆದ ತೊಟ್ಟಿಯಲ್ಲಿ ಅಡಗಲು ಜಾಗವಿಲ್ಲ, ತಾಯಿಯೇ ತಿಂದುಬಿಡುತ್ತದೆ. ಅದಕ್ಕೇ ಅವರು ಪ್ರತಿ ತೊಟ್ಟಿಯ ತಳಕ್ಕೆ ಎರಡು ಒಡೆದ ಹೆಂಚು ಹಾಕಿ ಬರುತ್ತಿದ್ದರು. ಮರಿಗಳು ಅದರಡಿ ಸೇರಿಕೊಳ್ಳಲಿ ಎಂದು. ಜನ ಮಾರನೆಯ ದಿನವೇ ತೆಗೆದು ಬಿಸಾಡುತ್ತಿದ್ದರು. ಬಿಸಾಡದ ಮನೆಯಲ್ಲಿ ಪಂಚಾಯಿತಿಯವರು ಬಂದು ಬ್ಲೀಚಿಂಗ್ ಪೌಡರ್ ಸುರಿದು ಹೋಗುತ್ತಿದ್ದರು. ಮೀನು ಬಿಟ್ಟ ವಾರದಲ್ಲೇ ಅದೂ ಆಗುತ್ತಿತ್ತು. ಇವರು ಹೋಗಿ ಕೇಳಿದರೆ, "ನಮ್ಗೂ ಟಾರ್ಗೆಟ್ ಅದ ಸಾ" ಎನ್ನುವರು.

ವರದಿಯ ನಮೂನೆಯಲ್ಲಿ ಇದ್ದ ಕಾಲಮ್ಮು ಒಂದೇ: ಬಿಡಲಾದ ಮೀನುಗಳು. ಕಳೆದ ತಿಂಗಳು ಬಿಟ್ಟವು ಈ ತಿಂಗಳು ಇವೆಯೇ ಎಂದು ಯಾರೂ ಕೇಳುತ್ತಿರಲಿಲ್ಲ. "ಬುಟ್ಟಿದ್ದು ಕೇಳ್ತಾರೆ, ಇರೋದ ಕೇಳಾಕಿಲ್ಲ. ಬುಟ್ಟ ಮಾತ್ರಕ್ಕೆ ಇದ್ದಂಗಾಯ್ತದಾ?" ಎನ್ನುವರು. ಹೀಗೆ ಹೇಳಿ ಹೇಳಿ ಸಾಕಾಗಿ ಒಂದು ದಿನ ನಮೂನೆಯ ಅಂಚಿನಲ್ಲಿ ಸ್ಕೇಲಿಟ್ಟು ಕೆಂಪು ಶಾಯಿಯ ಗೆರೆ ಎಳೆದರು. ಮೇಲೆ 'ಬದುಕಿರುವವು' ಎಂದು ಬರೆದರು. ಆ ಕಾಲಮ್ಮು ತುಂಬಲು ಪ್ರತಿ ತಿಂಗಳು ಮನೆಮನೆಗೆ ಹೋಗಿ ತೊಟ್ಟಿಯಲ್ಲಿ ಬಿಳಿ ತಟ್ಟೆ ಇಳಿಬಿಟ್ಟು, ಅದರ ಮೇಲೆ ಹಾಯುವ ಮೀನನ್ನು ಎಣಿಸುತ್ತಿದ್ದರು. ಈ ಅಂಕಿ ಮೇಲೆ ಹೋದರೆ ಒಂದಲ್ಲ ಒಂದು ದಿನ ಆದೇಶ ಬರುತ್ತದೆ, ಬ್ಲೀಚಿಂಗ್ ನಿಲ್ಲುತ್ತದೆ, ಸತ್ತ ಕಡೆ ಮತ್ತೆ ಮೀನು ಬಿಡಲು ಜನ ಸಿಗುತ್ತಾರೆ ಎಂಬುದು ಅವರ ನಂಬಿಕೆ.

ಡೇಟಾ ಎಂಟ್ರಿಯ ಹುದ್ದೆ ಖಾಲಿ ಇತ್ತು. ಬೆರಳಚ್ಚು ಬರುತ್ತದೆ ಎಂದು ಆ ಕೆಲಸ ನನ್ನ ತಲೆಗೆ ಬಂತು. ಕಂಪ್ಯೂಟರಿನಲ್ಲಿ ಇದ್ದದ್ದು ಇಲಾಖೆಯ ಕಾಲಮ್ಮುಗಳು ಮಾತ್ರ. ಅವರ ಕೆಂಪು ಗೆರೆಗೆ ಅಲ್ಲಿ ಜಾಗವಿರಲಿಲ್ಲ. ಮೊದಲ ತಿಂಗಳು ಹೇಳೋಣ ಎಂದುಕೊಂಡೆ. ಆ ದಿನ ರೋಗಿಗಳು ಜಾಸ್ತಿ ಇದ್ದರು. ಎರಡನೆಯ ತಿಂಗಳು ಅವರು ಬಿಸಿಲಲ್ಲಿ ಹದಿನೈದು ದಿನ ಎಣಿಸಿದ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ಕೊಟ್ಟರು. ಹೇಳಲಾಗಲಿಲ್ಲ. ಆರನೆಯ ತಿಂಗಳೋ ಏಳನೆಯದೋ, ಮೀನು ಇನ್ನಷ್ಟು ಬಿಡಿ ಎಂದು ಮೇಲಿನಿಂದ ಒಂದು ಸುತ್ತೋಲೆ ಬಂತು. ಅದು ಎಲ್ಲ ಕೇಂದ್ರಗಳಿಗೂ ಬಂದದ್ದು. ಅವರು ಅದನ್ನು ಕೈಯಲ್ಲಿ ಹಿಡಿದು ಲ್ಯಾಬಿಗೇ ಬಂದರು.

"ನೋಡ್ದಾ ಕಣವ್ವ? ನಮ್ ಕಾಲಮ್ಮ ಓದವ್ರೆ."

ನಾನು ಹೂಂ ಸಾರ್ ಎಂದೆ. ಆಮೇಲೆ ಹೇಳುವ ದಾರಿಯೇ ಮುಚ್ಚಿಹೋಯಿತು.

ಈಗ ಒಂದು ಬೀದಿಯ ವಿಷಯ ಹೇಳಬೇಕು. ಹದಿನಾಲ್ಕು ಮನೆಗಳ ಬೀದಿ, ಎಲ್ಲ ಮಾದಪ್ಪನ ಒಕ್ಕಲು. ಮೂರನೆಯ ಮನೆ ಮಹದೇವಮ್ಮನವರದು. ಮಗ ಹೊಲ ನೋಡಿಕೊಳ್ಳುತ್ತಿದ್ದ, ಸೊಸೆ ಸವಿತಾ ಅಂಗನವಾಡಿಯಲ್ಲಿ ಸಹಾಯಕಿ. ಆ ಬೀದಿಯಲ್ಲಿ ಮೊದಲು ತೊಟ್ಟಿ ತೆರೆದು ಕೊಟ್ಟವಳು ಸವಿತಾ. ಅತ್ತೆ ಬಿಡಲೊಲ್ಲರು. ಆ ದಿನ ನಾನೂ ರಕ್ತದ ಮಾದರಿ ತೆಗೆಯಲು ಹೋಗಿದ್ದೆ, ಮಾತು ಚೆನ್ನಾಗಿ ನೆನಪಿದೆ.

"ಮಾದಪ್ಪನ ಪೂಜೆಗೆ ಇದೇ ತೊಟ್ಟಿ ನೀರು ತಕ್ಕಳದು. ಮೀನ್ ಓಡಾಡಿದ್ ನೀರಾ ದೇವ್ರಿಗೆ?" ಅಂದರು ಮಹದೇವಮ್ಮ.

"ಹೊಳೇಲಿ ಮೀನಿಲ್ವಾ ಅತ್ತೆ? ಹೊಳೆ ನೀರು ದೇವ್ರಿಗಾಗಕಿಲ್ವಾ?" ಅಂದಳು ಸವಿತಾ.

"ಹೊಳೆ ಬಂದು ನಮ್ಮನೆ ಹಿತ್ಲಲ್ಲಿ ಕುಂತದಾ?"

ಇವರು ಇಬ್ಬರ ಮಾತೂ ಮುಗಿಯಲಿ ಎಂದು ಕಾದು ಹೇಳಿದರು: "ಸರಿ ಕಣವ್ವ. ಪೂಜೆಗೆ ಮುಂಚೆ ನಾನೇ ಬಂದು ಎತ್ಕಂಡೋಯ್ತಿನಿ. ಪೂಜೆ ಮುಗುದ್ ಮ್ಯಾಲೆ ತಂದು ಬುಡ್ತಿನಿ. ನಾಕ್ ದಿನ ತವರ್ಮನೆಗೆ ಓಗ್ಬಂದಂಗಾಯ್ತದ."

ಮಹದೇವಮ್ಮನವರಿಗೆ ನಗು ಬಂತು. ಒಪ್ಪಿದರು. ಆ ಮನೆ ಒಪ್ಪಿತೆಂದು ಉಳಿದ ಹದಿಮೂರೂ ಒಪ್ಪಿದವು. ಮಾದಪ್ಪನ ಬೆಟ್ಟಕ್ಕೆ ಹೋಗುವ ಮೊದಲು ಆ ಬೀದಿಯವರು ವರ್ಷಕ್ಕೊಮ್ಮೆ ಮನೆ ತೊಳೆದು ಪೂಜೆ ಮಾಡುತ್ತಾರೆ. ಆ ವಾರ ಇವರು ಹದಿನಾಲ್ಕು ಪ್ಲಾಸ್ಟಿಕ್ ಜಾಡಿ ತೆಗೆದುಕೊಂಡು ಹೋಗಿ, ಒಂದೊಂದು ಮನೆಯ ಮೀನನ್ನು ಒಂದೊಂದು ಜಾಡಿಗೆ ಹಿಡಿದು, ಮೇಲೆ ಮನೆಯವರ ಹೆಸರಿನ ಚೀಟಿ ಅಂಟಿಸಿ ಕೇಂದ್ರಕ್ಕೆ ತರುತ್ತಿದ್ದರು. ಎಲ್ಲವನ್ನೂ ಒಂದೇ ಗುಂಡಿಗೆ ಹಾಕಬಹುದಿತ್ತಲ್ಲ ಎಂದರೆ, "ಅವ್ರವ್ರ ಮೀನು ಅವ್ರವ್ರಿಗೆ. ನಾಳೆ ನಂದು ದೊಡ್ಡದಿತ್ತು ಅಂತಾರೆ" ಎನ್ನುವರು. ಪೂಜೆ ಮುಗಿದ ಮರುದಿನ ಅವೇ ಜಾಡಿಗಳು ಅವೇ ಮನೆಗಳಿಗೆ. ಎರಡು ವರ್ಷ ಹೀಗೆ ಸರಿಯಾಗಿ ನಡೆಯಿತು. ಆ ಬೀದಿಯಲ್ಲಿ ಜ್ವರ ಇರಲಿಲ್ಲ.

ಮೂರನೆಯ ವರ್ಷ ಶುಕ್ರವಾರ ಮೀನು ಎತ್ತಿಕೊಂಡು ಬಂದರು. ಶನಿವಾರ ಬೆಳಿಗ್ಗೆ ಅವರಿಗೆ ಬೇರೆ ಕಡೆ ಕೆಲಸದ ಆದೇಶ ಬಂತು. ಬೆಟ್ಟದ ಹಾಡಿಗಳಲ್ಲಿ ಮೂರು ವಾರ ಲಸಿಕೆ ಕೆಲಸ, ಅಂದೇ ಹೊರಡಬೇಕು. ಮಧ್ಯಾಹ್ನ ಹೆಗಲಿಗೆ ಚೀಲ ಹಾಕಿಕೊಂಡೇ ಲ್ಯಾಬಿನ ಬಾಗಿಲಿಗೆ ಬಂದು ಆ ತಿಂಗಳ ವರದಿಯನ್ನು ಮುಂಚಿತವಾಗಿ ಕೊಟ್ಟರು. ಡಾಕ್ಟರು ಗುಂಡ್ಲುಪೇಟೆಗೆ ಹೋಗಿದ್ದರು.

"ಇವತ್ತೇ ಹಾಕ್ಬುಡವ್ವ. ಆ ಬೀದೀದು ಬರ್ದಿವ್ನಿ. ಡಾಕ್ಟ್ರು ಪ್ರಿಂಟ್ ನೋಡಿ ಯಾರ್ನಾರ ಕಳುಸ್ತಾರೆ."

ಬಸ್ಸು ಹಾರನ್ ಮಾಡುತ್ತಿತ್ತು. ಓಡಿದರು.

ಹಾಳೆಯಲ್ಲಿ ಆ ಬೀದಿಯ ಎದುರು, ಕೆಂಪು ಗೆರೆಯ ಆಚೆ, ಹದಿನಾಲ್ಕು ಸೊನ್ನೆ. ಕೆಳಗೆ ಅವರ ದುಂಡು ಅಕ್ಷರದಲ್ಲಿ: ಮೀನು ತೊಟ್ಟಿಯಲ್ಲಿಲ್ಲ, ಮಂಗಳವಾರ ವಾಪಸ್ ಬಿಡಿಸುವುದು. ನಾನು ಆ ಸಾಲನ್ನು ಓದಿದೆನೇ ಎಂದು ನನ್ನನ್ನೇ ಬಹಳ ಸಲ ಕೇಳಿಕೊಂಡಿದ್ದೇನೆ. ಓದಿದೆ. ಕಣ್ಣು ಅದರ ಮೇಲೆ ಹಾಯಿತು. ಆದರೆ ಅದು ಕೆಂಪು ಗೆರೆಯ ಆಚೆ ಇತ್ತು. ನಾಲ್ಕು ವರ್ಷದಿಂದ ಆ ಗೆರೆ ಬಂದ ಕೂಡಲೇ ನನ್ನ ಕಣ್ಣು ಮುಂದಿನ ಸಾಲಿಗೆ ಇಳಿಯುತ್ತಿತ್ತು, ಅಂದೂ ಇಳಿಯಿತು. ಪ್ರಿಂಟಿನಲ್ಲಿ ಆ ಹದಿನಾಲ್ಕು ಮನೆಗಳ ಎದುರು ಬಂದದ್ದು, ತಿಂಗಳ ಮೊದಲ ವಾರ ಬಿಟ್ಟ ಮೀನಿನ ಸಂಖ್ಯೆ ಮಾತ್ರ. ಡಾಕ್ಟರು ಸಹಿ ಹಾಕಿದರು. ಜಾಡಿಗಳು ಕೇಂದ್ರದ ಹಿಂದಿನ ನೆರಳಿನಲ್ಲಿ ಸಾಲಾಗಿ ಕೂತಿದ್ದವು. ನಾನು ಕೈ ತೊಳೆಯಲು ಹೋದಾಗಲೆಲ್ಲ ಅವುಗಳನ್ನು ನೋಡುತ್ತಿದ್ದೆ. ಪೂಜೆಯ ಜಾಡಿಗಳೆಂದು ಗೊತ್ತಿತ್ತು, ವಾಪಸ್ ಬಿಡಲು ಯಾರಿಗಾದರೂ ಹೇಳಿ ಹೋಗಿರುತ್ತಾರೆ ಎಂದುಕೊಂಡೆ. ಜವಾನರು ಎರಡು ದಿನಕ್ಕೊಮ್ಮೆ ಅವಕ್ಕೆ ನೀರು ಬದಲಾಯಿಸುತ್ತಿದ್ದರು, ಸಾರ್ ಅವರಿಗೆ ಅಷ್ಟು ಮಾತ್ರ ಹೇಳಿ ಹೋಗಿದ್ದರು. ಬೆಟ್ಟದ ಮೇಲೆ ಫೋನಿಗೆ ಸಿಗ್ನಲ್ ಇರಲಿಲ್ಲ. ಬೀದಿಯವರು, ಸಾರ್ ತಾವೇ ತಂದು ಬಿಡುತ್ತಾರೆ ಎಂದು ಕಾಯುತ್ತಿದ್ದರು.

ಮೂರನೆಯ ವಾರ ಸವಿತಾ ತಾನೇ ನಡೆದು ಬಂದು ನನ್ನ ಎದುರು ಕೂತಳು. ಕಣ್ಣಿನ ಹಿಂದೆ ನೋವು ಅಂದಳು. ಡೆಂಗಿ ಪರೀಕ್ಷೆಯ ಕಾರ್ಡಿನಲ್ಲಿ ಗೆರೆ ಮೂಡಿತು. ನಾನೇ ನೋಡಿದೆ, ನಾನೇ ಬರೆದೆ. ಗುಂಡ್ಲುಪೇಟೆಗೆ ಕಳಿಸಿದರು, ಅಲ್ಲಿಂದ ಮೈಸೂರಿಗೆ. ಅದೇ ಬೀದಿಯ ಇನ್ನಿಬ್ಬರು ಜ್ವರ ಬಂದು ಗುಣವಾದರು. ಸವಿತಾ ಐದನೆಯ ದಿನ ತೀರಿಕೊಂಡಳು. ಅವಳನ್ನು ಕಚ್ಚಿದ ಸೊಳ್ಳೆ ಆ ತೊಟ್ಟಿಯದೇ ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಅಂಗನವಾಡಿಯಲ್ಲಿ ಕಚ್ಚಿರಬಹುದು. ಆದರೆ ಅವಳನ್ನು ಮೈಸೂರಿಗೆ ಕಳಿಸಿದ ದಿನ ನಾನು ಆ ಹಿತ್ತಲಿಗೆ ಹೋಗಿ ತೊಟ್ಟಿಯಲ್ಲಿ ಬಿಳಿ ತಟ್ಟೆ ಇಳಿಬಿಟ್ಟೆ. ಮೀನು ಒಂದೂ ಇರಲಿಲ್ಲ. ಸೊಳ್ಳೆಮರಿಗಳು ಎಣಿಸಲಾರದಷ್ಟು ಇದ್ದವು. ಇಷ್ಟನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವರು ಬೆಟ್ಟದಿಂದ ಇಳಿದು ಬಂದು ಮೊದಲು ಕಂಡದ್ದು ಹದಿನಾಲ್ಕು ಜಾಡಿಗಳನ್ನು. ನೇರವಾಗಿ ಡಾಕ್ಟರ ಕೋಣೆಗೆ ಹೋದರು. ಮಾತು ಗೋಡೆಯಾಚೆ ನನಗೆ ಕೇಳುತ್ತಿತ್ತು. ಡಾಕ್ಟರು, "ಯಾವ ಕಾಲಮ್ಮು? ನನಗೆ ಬಂದ ಪ್ರಿಂಟಲ್ಲಿ ಅಂಥದ್ದೇನೂ ಇಲ್ವಲ್ಲ" ಅಂದರು. ಆಮೇಲೆ ಇವರು ಲ್ಯಾಬಿನ ಬಾಗಿಲಲ್ಲಿ ನಿಂತರು.

"ಕಾಲಮ್ಮು ಓಗಿಲ್ವಂತೆ."

"ಇಲ್ಲ ಸಾರ್."

"ಈ ತಿಂಗ್ಳುದು ಮಾತ್ರವಾ?"

ನಾನು ತಲೆಯಾಡಿಸಿದೆ, ಅಲ್ಲವೆಂದು. ಅವರು ಸ್ಟೂಲು ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತರು. ತೋರಿಸು ಅಂದರು. ಆ ತಿಂಗಳಿನದನ್ನು ತೆರೆದೆ. ನೋಡಿದರು. "ಹಿಂದಿಂದು" ಅಂದರು. ತೆರೆದೆ. "ಅದ್ರ ಹಿಂದಿಂದು." ನಾಲ್ಕು ವರ್ಷದ ಎಲ್ಲ ತಿಂಗಳನ್ನೂ ಒಂದೊಂದಾಗಿ ತೆರೆಸಿದರು. ಪ್ರತಿ ಹಾಳೆಯನ್ನೂ ಮೇಲಿನಿಂದ ಕೆಳಗಿನವರೆಗೆ ಪೂರ್ತಿ ನೋಡಿದರು, ಎಲ್ಲಾದರೂ ಒಂದು ಕಡೆ ಇದ್ದೀತು ಎಂಬಂತೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಮೊದಲ ತಿಂಗಳಿಗೆ ಬಂದಾಗ ಪರದೆಯ ಕೆಳಗಿನ ಒಂದು ಖಾಲಿ ಪೆಟ್ಟಿಗೆಯ ಮೇಲೆ ಬೆರಳಿಟ್ಟರು.

"ಇದೇನು?"

"ಷರಾ ಸಾರ್."

"ಇಲ್ಲಿ ಏನ್ ಬರೀಬೋದು?"

"ಏನು ಬೇಕಾದ್ರೂ."

ಎಲ್ಲ ತಿಂಗಳಲ್ಲೂ ಆ ಪೆಟ್ಟಿಗೆ ಖಾಲಿ ಇತ್ತು. ನನಗೆ ಅದು ಕಂಡಿರಲಿಲ್ಲವೆಂದಲ್ಲ. ಅದನ್ನು ತುಂಬದಿದ್ದರೂ ಕಂಪ್ಯೂಟರು ವರದಿ ಒಪ್ಪಿಕೊಳ್ಳುತ್ತಿತ್ತು.

ಅವರು ಎದ್ದರು. "ನಾನೂ ಬಾಯಲ್ಲಿ ಹೇಳ್ಬೇಕಿತ್ತು. ಕಾಗ್ದ ನಂಬ್ದೆ" ಅಂದರು. ಬಾಗಿಲವರೆಗೆ ಹೋಗಿ ತಿರುಗಿ, "ಮುಂದಿನ ತಿಂಗ್ಳಿಂದ ಅಲ್ಲಿ ಹಾಕಿ ಮೇಡಂ" ಅಂದರು.

ಎಂಟು ವರ್ಷ ಕಣವ್ವ ಎಂದು ಕರೆದವರು. ಆ ದಿನದ ನಂತರ ನಾನು ಅವರ ಬಾಯಲ್ಲಿ ಮೇಡಂ ಆದೆ, ಕೊನೆಯವರೆಗೂ. ಬಸ್ಸಿನಲ್ಲಿ ಮೊದಲಿನಂತೆಯೇ ಪಕ್ಕದಲ್ಲಿ ಕೂರುತ್ತಿದ್ದರು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮೀನಿನ ಮಾತನ್ನೂ ಆಡುತ್ತಿದ್ದರು. ನನ್ನ ತಪ್ಪನ್ನು ಯಾರ ಮುಂದೆಯೂ ಎತ್ತಲಿಲ್ಲ. ಮೇಡಂ ಎಂಬ ಒಂದು ಪದ ಮಾತ್ರ ಕದಲಲಿಲ್ಲ. ನಾನು ಷರಾದಲ್ಲಿ ಪ್ರತಿ ತಿಂಗಳೂ ಬದುಕಿದ ಮೀನಿನ ಲೆಕ್ಕ ಬರೆದೆ. ಮೇಲಿನಿಂದ ಈವರೆಗೆ ಒಂದು ಪ್ರಶ್ನೆಯೂ ಬಂದಿಲ್ಲ, ಒಂದು ಉತ್ತರವೂ ಬಂದಿಲ್ಲ. ಪಂಚಾಯಿತಿಯವರು ಈಗಲೂ ಬ್ಲೀಚಿಂಗ್ ಹಾಕುತ್ತಾರೆ.

ಮಹದೇವಮ್ಮನವರಿಗೆ ಯಾರೂ ಏನೂ ಹೇಳಿರಲಿಲ್ಲ. ಅವರು ತಾವೇ ಒಂದು ತೀರ್ಮಾನಕ್ಕೆ ಬಂದಿದ್ದರು: ಮೀನು ತೆಗೆಸಿದ್ದು ತಾನು, ಪೂಜೆ ಪೂಜೆ ಎಂದು ಹಟ ಮಾಡಿದ್ದು ತಾನು, ಸೊಸೆ ಸತ್ತದ್ದು ಅದರಿಂದ. ಇದನ್ನು ನನಗೆ ಹೇಳಿದ್ದು ಸಾರ್ ಅವರೇ, ಸವಿತಾ ಹೋದ ಎರಡು ತಿಂಗಳ ಮೇಲೆ, ಬಸ್ಸಿನಲ್ಲಿ.

"ತನ್ ತಪ್ಪು ಅನ್ಕಂಡು ಕುಂತದ ಆ ಮುದ್ಕಮ್ಮ. ಮೀನ ಯಾಕ್ ವಾಪಸ್ ಬುಡ್ನಿಲ್ಲ ಅನ್ನೋದು ಅದಕ್ ಗೊತ್ತಿಲ್ಲ. ತಾನ್ ತೆಗುಸ್ದೆ ಇದ್ದಿದ್ರೆ ಮೀನು ಅಲ್ಲೇ ಇರ್ತಿದ್ದೋ ಅನ್ಕಂಡದ. ಅದ್ನ ನೀವೇ ಹೇಳ್ಬೇಕು ಮೇಡಂ. ನಾ ಹೇಳಕ್ಕಿಲ್ಲ."

ಸರಿ ಸಾರ್ ಎಂದೆ. ಹೇಳಲಿಲ್ಲ. ಅವರು ಪ್ರತಿ ವಾರ ಆ ಮನೆಗೆ ಹೋಗಿ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತು ಬರುತ್ತಿದ್ದರು. ಬಂದು ನನ್ನನ್ನು ನೋಡಿ ಎರಡೇ ಪದ ಕೇಳುವರು: "ಹೇಳಿದ್ರಾ ಮೇಡಂ?" ಇನ್ನೂ ಇಲ್ಲ ಸಾರ್. ಅವರು ಮುಖ ತಿರುಗಿಸಿ ಕಿಟಕಿಯಾಚೆ ನೋಡುವರು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಇಳಿದು ಬಂದಾಗಲೂ ಕೇಳಿದರು. ನನಗೆ ಅವರ ಮೇಲೆ ಸಿಟ್ಟು ಬರತೊಡಗಿತ್ತು. ಅಷ್ಟು ಕಾಳಜಿ ಇದ್ದರೆ ತಾವೇ ಹೇಳಬಹುದಲ್ಲ? ಇವರ ಲೆಕ್ಕ ಯಾವಾಗಲೂ ಇಷ್ಟೇ ಕಟ್ಟುನಿಟ್ಟು, ಅವರವರದು ಅವರವರಿಗೆ ಎಂದು ಬೈದುಕೊಳ್ಳುತ್ತಿದ್ದೆ. ಬೈದುಕೊಂಡು ಸುಮ್ಮನಿರುತ್ತಿದ್ದೆ.

ಕೊನೆಯ ಸಲ ನೋಡಿದ್ದು ಚಾಮರಾಜನಗರದ ಅವರ ಮನೆಯಲ್ಲಿ, ನಾಲ್ಕು ತಿಂಗಳ ಹಿಂದೆ. ಬಹಳ ಇಳಿದುಹೋಗಿದ್ದರು. ಮಗಳು ತಂದುಕೊಟ್ಟ ಗಾಜಿನ ಪೆಟ್ಟಿಗೆಯಲ್ಲಿ ಸೀರೆಯ ಸೆರಗಿನಂಥ ಬಾಲದ ಗಪ್ಪಿಗಳಿದ್ದವು. ಅವಕ್ಕೂ ಅವರ ತಕರಾರು ಇತ್ತು. "ಬಾಲಕ್ಕಾಗಿ ಸಾಕ್ದವು ಮೇಡಂ. ಈಜಕ್ಕಾಗಕಿಲ್ಲ, ಬ್ಯಾಗ ಸುಸ್ತಾಯ್ತವ. ನಮ್ ಬೂದು ಮೀನೇ ಗಟ್ಟಿ." ಅವರ ಹೆಂಡತಿ ಕಾಫಿ ತಂದಿಟ್ಟು, "ಇಡೀ ದಿನ ಅದ್ರ ಮುಂದೆನೇ. ನಂಗ್ ಉಷಾರಿಲ್ಲ ಅಂದ್ರೆ ಕೇಳಕಿಲ್ಲ, ಮೀನು ಮೂಲೆ ಸೇರುದ್ರೆ ಊಟ ಬುಡ್ತಾರೆ" ಅಂದರು. ಅವರು ನಕ್ಕರು. ನಾನು ಎದ್ದಾಗ ಬಾಗಿಲವರೆಗೆ ಬಂದರು. ಕೇಳುತ್ತಾರೆ ಎಂದು ಗೊತ್ತಿತ್ತು. ಅಂದು ಕೇಳಲಿಲ್ಲ.

ಅವರ ತಿಥಿ ಮುಗಿದ ಮಾರನೆಯ ಭಾನುವಾರ ನಾನು ಆ ಬೀದಿಗೆ ಹೋದೆ. ಮಹದೇವಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಕೂತುಕೊಂಡು ಮೊದಲಿನಿಂದ ಹೇಳಿದೆ: ಅವರು ಬರೆದಿದ್ದು, ನಾನು ಬಿಟ್ಟಿದ್ದು, ಜಾಡಿಗಳು ಮೂರು ವಾರ ಅಲ್ಲೇ ಇದ್ದದ್ದು. ಪೂಜೆಗೆ ಮೀನು ತೆಗೆಸಿದ್ದರಲ್ಲಿ ನಿಮ್ಮ ತಪ್ಪಿಲ್ಲ ಅವ್ವ, ಮಂಗಳವಾರ ವಾಪಸ್ ಬರಬೇಕಿತ್ತು, ಬರದ ಹಾಗೆ ಆದದ್ದು ನನ್ನಿಂದ ಎಂದೆ. ಅವರ ಕೈ ನಿಂತಿತು.

"ಆ ಸಾರಿಗೆ ಗೊತ್ತಿತ್ತಾ ಇದು?"

"ಗೊತ್ತಿತ್ತು ಅವ್ವ."

"ಗೊತ್ತಿದ್ದೂ ವಾರವಾರ ಬಂದು ಇಲ್ಲೇ ಕುಂತ್ಕತಿದ್ರಾ? ನನ್ ಎದುರ್ಗೆ?"

"ನಾನೇ ಹೇಳಬೇಕು ಅಂತ ಬಿಟ್ಟಿದ್ರು."

"ನೀ ಹೇಳ್ಲಿ ಅಂತ ಅವ್ರು ಕಾಯ್ಕಂಡು, ಅವ್ರು ಇರೋಗಂಟ ನೀನು ಸುಮ್ಕಿದ್ದು." ಬಿಡಿಸಿದ ಕಾಳನ್ನು ಮೊರದ ಒಂದು ಕಡೆಗೆ ಸರಿಸಿದರು. "ಮೂರ್ ವರ್ಸ ಆಯ್ತು ಕಣಮ್ಮಿ ನಾನು ಮಾದಪ್ಪನ್ಗೆ ದೀಪ ಹಚ್ಚಿ. ನಿನ್ ಪೂಜೆಯಿಂದ ನನ್ ಮನೆ ದೀಪ ಓಯ್ತು ಅಂತ ಅವನ್ಗೆ ಹೇಳ್ಬುಟ್ಟಿದ್ದೆ. ಬೆಟ್ಟದ ಕಡೆ ಮಖ ಹಾಕ್ನಿಲ್ಲ. ಮಗ ಕರದ್ರೂ ಓಗ್ನಿಲ್ಲ. ಇಬ್ರೂ ಓದ್ದೋರು ಸೇರ್ಕಂಡು, ಯಾರ್ ಹೇಳ್ಬೇಕು ಅಂತ ನ್ಯಾಯ ಮಾಡ್ತಾ ಕುಂತಿದ್ರಿ."

ನಾನು ಸಾರ್ ಪರವಾಗಿ ಏನಾದರೂ ಹೇಳಬೇಕಿತ್ತು. ಒಳ್ಳೆಯವರು, ನಿಮ್ಮ ಬಗ್ಗೆಯೇ ಯೋಚಿಸುತ್ತಿದ್ದರು ಎಂದಾದರೂ. ಅದು ನಿಜವೂ ಹೌದು. ಆದರೆ ಮಹದೇವಮ್ಮನವರ ಮಾತಿನಲ್ಲಿ ತಿದ್ದಬೇಕಾದದ್ದು ನನಗೆ ಏನೂ ಕಾಣಲಿಲ್ಲ. ಮೀನಿನ ವಯಸ್ಸನ್ನು ದೂರದಿಂದ ಹೇಳುತ್ತಿದ್ದ ಮನುಷ್ಯ, ಎದುರಿಗೆ ಕೂತ ಹೆಂಗಸಿನ ಮೂರು ವರ್ಷ ಹೋಗುತ್ತಿದ್ದುದನ್ನು ವಾರವಾರ ನೋಡಿ ಎದ್ದು ಬಂದಿದ್ದರು. ನಾನು ಅಷ್ಟನ್ನೂ ನೋಡಿರಲಿಲ್ಲ.

ಅವರು ಮೊರ ಎತ್ತಿಕೊಂಡು ಎದ್ದರು. ಹೊಸ್ತಿಲ ಮೇಲೆ ನಿಂತು, ನನ್ನನ್ನು ನೋಡದೆ, "ನಾಳೆ ಸ್ವಾಮಾರ, ಮಾದಪ್ಪನ್ ದಿನ ಅಲ್ವಾ" ಅಂದರು. ನನಗೆ ಹೇಳಿದ ಮಾತಲ್ಲ ಅದು. ಆಮೇಲೆ ನನ್ನ ಕಡೆ ತಿರುಗಿ, "ನೀ ಇನ್ನೊಂದಪ ಈ ಬಾಗ್ಲಿಗೆ ಬರ್ಬ್ಯಾಡ" ಅಂದರು.

ಸಾರ್ ನಿವೃತ್ತರಾದ ಮೇಲೆ ಆ ಹುದ್ದೆಗೆ ಯಾರೂ ಬಂದಿಲ್ಲ, ಮೀನು ಎಣಿಸುವ ಕೆಲಸ ನನ್ನ ಮೇಲೆ ಬಿದ್ದಿದೆ. ಮುಂದಿನ ತಿಂಗಳ ಮೊದಲ ವಾರ ಆ ಹದಿನಾಲ್ಕು ತೊಟ್ಟಿಗಳ ಮೀನು ಎಣಿಸಬೇಕಾದವಳು ನಾನೇ ಎಂದು ಮಹದೇವಮ್ಮನವರಿಗೆ ಹೇಳದೆ ಜಗಲಿ ಇಳಿದೆ.